ಕಡಲಾಚೆಯಿಂದ ಬಂದ ಸೊಸೆ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಹುಟ್ಟಿದ ಮನೆಯ ಹೊಸ್ತಿಲು ದಾಟಿದ ಮಗಳು ಮೆಟ್ಟಿದ ಮನೆಯನ್ನೇ ತನ್ನದೆಂದು ತಿಳಿದು ಬಾಳಬೇಕೆಂಬುದು ಅದರ ಭಾವ. ಆ ಮನೆ ಪಕ್ಕದ ಊರಿನಲ್ಲಿದ್ದರೂ ಹೊಸ ಸೊಸೆಗೆ ಅಳುಕು ತಪ್ಪಿದ್ದಲ್ಲ. ಇನ್ನು ಅದು ಸಾವಿರಾರು ಮೈಲಿಗಳ ಆಚೆ, ಬೇರೊಂದು ನುಡಿಯ, ಬೇರೊಂದು ನಡೆಯ ನಾಡಿನಲ್ಲಿದ್ದರೆ ಹೇಗೆ? ತವರಿನವರು ಆಳುವವರಾಗಿ, ಗಂಡನ ಮನೆಯವರು ಆಳಿಸಿಕೊಳ್ಳುವವರಾಗಿದ್ದರೆ ಹೇಗೆ? ಇಂಥ ಕಠಿಣ ಪರೀಕ್ಷೆಯನ್ನು ತಾನಾಗಿಯೇ ವರಿಸಿ, ಕೊನೆಯವರೆಗೂ ಅದರಲ್ಲಿ ತೇರ್ಗಡೆಯಾದ ಮಹಿಳೆ ನೆಲ್ಲೀ ಸೇನ್‌ಗುಪ್ತ.

ನೆಲ್ಲಿಯವರು 1886ನೆಯ ಇಸವಿ ಜನವರಿ 12ರಂದು ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಈಡಿತ್ ಎಲೆನ್ ಗ್ರೇ. ಕೇಂಬ್ರಿಜ್ ಪ್ರಾಚೀನ ವಿದ್ಯಾಪೀಠದ ಊರು. ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿನ ಗೃಹಸ್ಥರು ತಮ್ಮ ಮನೆಗಳಲ್ಲಿ ವಸತಿ ಕಲ್ಪಿಸುವುದುಂಟು. ಹಾಗೆ ಗ್ರೇ ಕುಟುಂಬದ ಮನೆಗೆ ಬಂದ ಭಾರತೀಯ ತರುಣನೇ ಜತೀಂದ್ರಮೋಹನ ಸೇನ್‌ಗುಪ್ತ.

ಜತೀಂದ್ರಮೋಹನರು 1885ರಲ್ಲಿ ಪೂರ್ವ ಬಂಗಾಳದ ಚಿತ್ತಗಾಂಗ್ ಜಿಲ್ಲೆಯ ಬರಮಾ ಗ್ರಾಮದಲ್ಲಿ ಹುಟ್ಟಿದವರು. ತಂದೆ ಜಾತ್ರಾಮೋಹನರು ಪ್ರಸಿದ್ಧ ವಕೀಲರು. ಬಂಗಾಳದ ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದವರು. ಮಗನೂ ತಮ್ಮಂತೆಯೇ ನ್ಯಾಯವಾದಿಯಾಗಬೇಕೆಂದು ಬಯಸಿ ಅವನನ್ನು 1904ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಜತೀಂದ್ರಮೋಹನರು ಕೇಂಬ್ರಿಜ್‌ನ ಡೌನಿಂಗ್ ಕಾಲೇಜಿನಲ್ಲಿ ಕಾನೂನು ವ್ಯಾಸಂಗ ಮಾಡಿದರು. ಬಳಿಕ ಬ್ಯಾರಿಸ್ಟರ್ ಪದವಿಯನ್ನೂ ಪಡೆದರು.

ಒಂದೇ ಸೂರಿನಡಿಯಲ್ಲಿ ಬೆಳೆದ ಪರಿಚಯ ಸ್ನೇಹವಾಯಿತು, ಸ್ನೇಹ ಅನುರಾಗವಾಯಿತು. ತಂದೆತಾಯಿಗಳು ಈ ಸಂಬಂಧವನ್ನು ಒಪ್ಪಲಿಲ್ಲ. ಅವರ ಆತಂಕ ನಿಷ್ಕಾರಣವಾದುದೂ ಅಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಮೆಚ್ಚುವುದು ಬೇರೆ. ಅವನ ಕೈಹಿಡಿದು ಅವನ ನಾಡಿಗೆ ಹೋಗಿ ಅಲ್ಲಿಯೇ ಬಾಳ್ವೆ ನಡೆಸುವುದು ಬೇರೆ. ಮಗಳು ಹಡಗು ಹತ್ತಿದಳೆಂದರೆ ಮತ್ತೆ ಅವಳ ಮುಖವನ್ನು ಎಂದು ಕಾಣುವೆವೋ ಎಂದು ಯಾವ ತಾಯಿಯೂ ಕಳವಳಪಡುವಂಥ ಕಾಲವದು. ಆದರೆ ನೆಲ್ಲಿಯವರ ನಿರ್ಧಾರ ಅಚಲವಾಗಿತ್ತು. 1909ನೆಯ ಇಸವಿ ಆಗಸ್ಟ್ 1ರಂದು ಅವರಿಬ್ಬರೂ ಸತಿಪತಿಗಳಾದರು. ಅನಂತರ ಜತೀಂದ್ರಮೋಹನರು ಪತ್ನಿಯೊಡನೆ ಕಡಲನ್ನು ದಾಟಿ ತಾಯ್ನಾಡಿಗೆ ಮರಳಿದರು.

ಬಂಗಾಳದಲ್ಲಿ ನೆಲ್ಲಿಯವರಿಗಾಗಿ ಕಾದಿದ್ದುದು ಗಂಡಹೆಂಡಿರಿಬ್ಬರೇ ಇರುವ ಪುಟ್ಟ ಮನೆಯಲ್ಲ. ಅತ್ತೆಮಾವಂದಿರು, ಬಂಧುಬಳಗದವರು ಕೂಡಿ ಬಾಳುವ ಅವಿಭಕ್ತ ಕುಟುಂಬ. ಕಡಲು ದಾಟುವುದನ್ನೇ ದೋಷವೆಂದು ಎಣಿಸುವ ಮನೆಗಳು ನಾಡಿನಲ್ಲಿ ಇನ್ನೂ ಎಷ್ಟೋ ಇದ್ದವು. ಅಂಥ ಸಮಾಜಕ್ಕೆ ಕಡಲಾಚೆಯಿಂದಲೇ ಸೊಸೆಯನ್ನು ಕರೆತರುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಉಣ್ಣುವ ರೀತಿ ಬೇರೆ, ಉಡುವ ರೀತಿ ಬೇರೆ. ಹಿರಿಯರ ಮುಂದೆ ನಿಲ್ಲುವ, ಕಿರಿಯರೊಡನೆ ನಡೆದುಕೊಳ್ಳುವ ಕ್ರಮ ಬೇರೆ. ಕೇಂಬ್ರಿಜ್‌ನಲ್ಲಿ ಪರಸ್ಥಳದವರಾಗಿದ್ದವರು ಜತೀಂದ್ರಮೋಹನರು. ಇಲ್ಲಿ ಪರಸ್ಥಳದವರು ನೆಲ್ಲಿ. ಅಲ್ಲಿ ಕಲಿಯುವ ಹೊಣೆ ಅವರದಾಗಿತ್ತು, ಇಲ್ಲಿ ಈಕೆಯದು. ನೆಲ್ಲಿಯವರು ಆ ಹೊಣೆಯನ್ನು ಹಿಂಜರಿಯದೆ ಹೊತ್ತರು. ಈ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಅಂದಿನ ಕಲ್ಕತ್ತೆ ಒಂದೇ ಊರಾಗಿದ್ದರೂ ಅದರೊಳಗೆ ಎರಡು ಲೋಕಗಳಿದ್ದವು. ಭಾರತೀಯರಿಗೆ ಪ್ರವೇಶವೇ ಇಲ್ಲದ ಬಿಳಿಯರ ಕ್ಲಬ್ಬುಗಳು ಒಂದು ಕಡೆ. ನಾಡಿನ ಜನರ ಕೇರಿಗಳು ಇನ್ನೊಂದು ಕಡೆ. ನೆಲ್ಲಿಯವರ ಮೈಬಣ್ಣಕ್ಕೆ ತೆರೆದುಕೊಳ್ಳುವ ಬಾಗಿಲು ಅವರ ಪತಿಯ ಮೈಬಣ್ಣಕ್ಕೆ ಮುಚ್ಚಿಕೊಳ್ಳುತ್ತಿತ್ತು. ಇಂಥಲ್ಲಿ ಎರಡು ದೋಣಿಗಳ ಮೇಲೆ ಕಾಲಿಟ್ಟು ನಡೆಯುವುದು ಸಾಧ್ಯವಿರಲಿಲ್ಲ. ಪತಿಗೆ ಎಡೆಯಿಲ್ಲದ ಲೋಕವನ್ನು ತೊರೆದು ನೆಲ್ಲಿಯವರು ಈ ನಾಡಿನ ಜನರೊಡನೆ ಬೆರೆತರು. ಆದರೆ ಈ ಆಯ್ಕೆಯ ನಿಜವಾದ ಬೆಲೆ ತಿಳಿದುಬಂದದ್ದು ಸುಮಾರು ಹನ್ನೆರಡು ವರ್ಷಗಳ ತರುವಾಯ.

1921ರಲ್ಲಿ ಮಹಾತ್ಮ ಗಾಂಧಿಯವರ ಅಸಹಕಾರ ಚಳುವಳಿ ದೇಶವನ್ನೆಲ್ಲ ವ್ಯಾಪಿಸಿತು. ಜತೀಂದ್ರಮೋಹನರು ಆಗ ಕಲ್ಕತ್ತಾ ಉಚ್ಚ ನ್ಯಾಯಾಲಯದಲ್ಲಿ ಹೆಸರಾಂತ ನ್ಯಾಯವಾದಿಗಳು. ಅವರು ಆ ವೃತ್ತಿಯನ್ನು ತ್ಯಜಿಸಿ ಚಳುವಳಿಗೆ ಧುಮುಕಿದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳ ಬವಣೆಯನ್ನು ತಾಳಲಾರದೆ ಸಾವಿರಾರು ಕೂಲಿಗಳು ಹೆಂಡಿರುಮಕ್ಕಳೊಡನೆ ತಮ್ಮ ಊರುಗಳಿಗೆ ಹೊರಟುಬಿಟ್ಟರು. ದಾರಿಯಲ್ಲಿ ಚಾಂದಪುರದ ರೈಲು ನಿಲ್ದಾಣದಲ್ಲಿ ತಂಗಿದ್ದ ಅವರ ಮೇಲೆ ರಾತ್ರಿಯ ವೇಳೆ ಸೈನಿಕರು ಎರಗಿ ಹೊಡೆದರು. ಈ ಕ್ರೌರ್ಯವನ್ನು ಪ್ರತಿಭಟಿಸಿ ಅಸ್ಸಾಂ–ಬಂಗಾಳ ರೈಲ್ವೆಯ ಕಾರ್ಮಿಕರು ಮುಷ್ಕರ ಹೂಡಿದರು. ಆ ರೈಲ್ವೆಯ ಕೇಂದ್ರ ಚಿತ್ತಗಾಂಗ್; ಮುಷ್ಕರದ ನಾಯಕರು ಜತೀಂದ್ರಮೋಹನರು. ಕೆಲಸವಿಲ್ಲದೆ ಕುಳಿತ ಕಾರ್ಮಿಕರ ಸಂಸಾರಗಳಿಗೆ ಅನ್ನ ಒದಗಿಸಲು ಅವರು ಸಾಲಕ್ಕೂ ಕೈಯೊಡ್ಡಿದರು. ವೃತ್ತಿಯ ಆದಾಯ ನಿಂತಿತು. ಮನೆಯ ಮೇಲೆ ಋಣದ ಭಾರ ಬಿದ್ದಿತು. ಸರಕಾರ ಅವರನ್ನು ಬಂಧಿಸಿ ಸೆರೆಮನೆಗೆ ಕಳುಹಿಸಿತು.

ಇದುವರೆಗೆ ನೆಲ್ಲಿಯವರು ಮನೆಯ ಸೊಸೆಯಾಗಿದ್ದರು; ಇನ್ನು ಮುಂದೆ ನಾಡಿನ ಸೊಸೆಯಾದರು. ಪತಿ ಸೆರೆಮನೆ ಸೇರಿದಾಗ ಅವರು ಬಾಗಿಲು ಹಾಕಿಕೊಂಡು ಕಣ್ಣೀರಿಡುತ್ತ ಕೂರಲಿಲ್ಲ. ಸಭೆ ಸೇರಬಾರದೆಂಬ ನಿಷೇಧವನ್ನು ಜಿಲ್ಲೆಯ ಅಧಿಕಾರಿಗಳ ಮುಂದೆಯೇ ಖಂಡಿಸಿದರು. ಸಾರ್ವಜನಿಕ ಸಭೆಗಳಲ್ಲಿ ಮಾತನಾಡಿದರು. ಖಾದಿಯನ್ನು ಹೊತ್ತು ಮನೆಮನೆಗೆ ತಿರುಗಿ ಮಾರಿದರು. ಬಂಧನದ ಭಯ ಅವರನ್ನು ತಡೆಯಲಿಲ್ಲ. ಅವರು ಎದುರಿಸಬೇಕಾಗಿದ್ದುದು ಯಾರನ್ನು ಎಂಬುದನ್ನು ನಾವು ನೆನೆಯಬೇಕು. ಅಧಿಕಾರದ ಪೀಠಗಳಲ್ಲಿ ಕುಳಿತಿದ್ದವರು ಅವರ ತಾಯ್ನುಡಿಯನ್ನೇ ಆಡುವವರು, ಅವರ ತಾಯ್ನಾಡಿನಿಂದಲೇ ಬಂದವರು. ಅನ್ಯಾಯವು ತನ್ನವರಿಂದ ನಡೆದರೂ ಅನ್ಯಾಯವೇ ಎಂದು ಹೇಳಲು ಎಂಟೆದೆ ಬೇಕು.

1925ರಲ್ಲಿ ದೇಶಬಂಧು ಚಿತ್ತರಂಜನ ದಾಸರು ನಿಧನರಾದ ಮೇಲೆ ಬಂಗಾಳದ ರಾಷ್ಟ್ರೀಯ ಚಳುವಳಿಯ ಹೊರೆ ಜತೀಂದ್ರಮೋಹನರ ಹೆಗಲೇರಿತು. ಅವರು ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ವಿಧಾನ ಪರಿಷತ್ತಿನಲ್ಲಿ ಸ್ವರಾಜ್ಯ ಪಕ್ಷದ ನಾಯಕರಾದರು. ಐದು ಬಾರಿ ಕಲ್ಕತ್ತೆಯ ಮೇಯರ್ ಪದವಿಯನ್ನು ಅಲಂಕರಿಸಿದರು. ಜನರು ಅವರನ್ನು ಪ್ರೀತಿಯಿಂದ ದೇಶಪ್ರಿಯ ಎಂದು ಕರೆದರು. ಕಾನೂನು ಭಂಗ ಚಳುವಳಿಯ ಕಾಲದಲ್ಲಿ ದಂಪತಿಗಳಿಬ್ಬರೂ ಸೆರೆವಾಸ ಅನುಭವಿಸಿದರು. ದೆಹಲಿಯಲ್ಲಿ ನಿಷಿದ್ಧ ಸಭೆಯೊಂದರಲ್ಲಿ ಮಾತನಾಡಿದ ಕಾರಣಕ್ಕಾಗಿ ನೆಲ್ಲಿಯವರಿಗೆ ನಾಲ್ಕು ತಿಂಗಳ ಶಿಕ್ಷೆಯಾಯಿತು. 1932ರ ಜನವರಿಯಲ್ಲಿ ವಿದೇಶದಿಂದ ಮರಳುತ್ತಿದ್ದ ಜತೀಂದ್ರಮೋಹನರನ್ನು ಸರಕಾರ ಮುಂಬಯಿಯಲ್ಲಿ ಬಂಧಿಸಿತು. ಅವರು ಮತ್ತೆ ಬಿಡುಗಡೆಯ ಬೆಳಕನ್ನು ಕಾಣಲಿಲ್ಲ.

1933ನೆಯ ವರ್ಷ ನೆಲ್ಲಿಯವರ ಬಾಳಿನಲ್ಲಿ ಅತ್ಯಂತ ಉಜ್ಜ್ವಲವೂ ಅತ್ಯಂತ ದಾರುಣವೂ ಆದ ವರ್ಷ. ಆ ವರ್ಷದ ಕಾಂಗ್ರೆಸ್ ಅಧಿವೇಶನ ಕಲ್ಕತ್ತೆಯಲ್ಲಿ ನಡೆಯಬೇಕಾಗಿತ್ತು. ಸರಕಾರ ಅದನ್ನು ನಿಷೇಧಿಸಿತು. ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಪಂಡಿತ ಮದನಮೋಹನ ಮಾಳವೀಯರನ್ನು ದಾರಿಯಲ್ಲಿಯೇ ಬಂಧಿಸಲಾಯಿತು. ನೂರಾರು ಪ್ರತಿನಿಧಿಗಳು ಊರು ಸೇರುವ ಮೊದಲೇ ಸೆರೆಯಾದರು. ಆದರೂ ಏಪ್ರಿಲ್ 1ರಂದು ನಗರದ ಎಸ್‌ಪ್ಲನೇಡ್ ಪ್ರದೇಶದಲ್ಲಿ ಪ್ರತಿನಿಧಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಕುಳಿತರು. ಅಧ್ಯಕ್ಷ ಸ್ಥಾನಕ್ಕೆ ನೆಲ್ಲೀ ಸೇನ್‌ಗುಪ್ತರನ್ನು ಆರಿಸಿದ್ದರು. ಅಲ್ಲಿ ಚಪ್ಪರವಿರಲಿಲ್ಲ, ವೇದಿಕೆಯಿರಲಿಲ್ಲ, ಹಾರತುರಾಯಿಗಳಿರಲಿಲ್ಲ. ಪೊಲೀಸರ ಲಾಠಿಗಳು ಮೈಮೇಲೆ ಬೀಳುತ್ತಿದ್ದಂತೆಯೇ ನಿರ್ಣಯಗಳನ್ನು ಓದಿ ಅಂಗೀಕರಿಸಲಾಯಿತು. ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷೆಯನ್ನು ಬಂಧಿಸಿ ಕರೆದೊಯ್ದರು. ಆನಿ ಬೆಸೆಂಟ್ ಮತ್ತು ಸರೋಜಿನಿ ನಾಯ್ಡು ಅವರ ತರುವಾಯ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವನ್ನೇರಿದ ಮೂರನೆಯ ಮಹಿಳೆ ಅವರು. ಆ ಪೀಠದ ಮೇಲೆ ಅವರು ಕುಳಿತ ಅವಧಿ ಅಲ್ಪ. ಅದರ ಕೀರ್ತಿ ಅಲ್ಪವಲ್ಲ.

ಇದಾದ ನಾಲ್ಕು ತಿಂಗಳೊಳಗೆ ಸಿಡಿಲೆರಗಿತು. ಸೆರೆಯಲ್ಲಿ ಜತೀಂದ್ರಮೋಹನರ ಆರೋಗ್ಯ ಕುಸಿದಿತ್ತು. ಅವರನ್ನು ರಾಂಚಿಯಲ್ಲಿ ಬಂಧನದಲ್ಲಿಟ್ಟಿದ್ದರು. ಅಲ್ಲಿಯೇ ಜುಲೈ ತಿಂಗಳಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ನಲವತ್ತೆಂಟು ವರ್ಷ, ನೆಲ್ಲಿಯವರಿಗೆ ನಲವತ್ತೇಳು.

ಯಾರ ಕೈಹಿಡಿದು ಈ ನಾಡಿಗೆ ಬಂದಿದ್ದರೋ ಆ ಕೈ ಈಗ ಇಲ್ಲವಾಯಿತು. ನೆಲ್ಲಿಯವರು ಬಯಸಿದ್ದರೆ ಹಡಗು ಹತ್ತಿ ಹುಟ್ಟಿದ ನಾಡಿಗೆ ಮರಳಬಹುದಾಗಿತ್ತು. ಹಾಗೆ ಮಾಡಿದ್ದರೆ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಆದರೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೆಟ್ಟಿದ ಮನೆಯೇ ಅವರ ಮನೆಯಾಗಿತ್ತು. ಅವರು ಇಲ್ಲಿಯೇ ಉಳಿದರು; ಪತಿ ನಡುದಾರಿಯಲ್ಲಿ ಬಿಟ್ಟುಹೋದ ಕಾರ್ಯವನ್ನು ಮುಂದುವರಿಸಿದರು. ಕಲ್ಕತ್ತೆಯ ನಗರಸಭೆಗೂ, 1940 ಮತ್ತು 1946ರಲ್ಲಿ ಬಂಗಾಳದ ವಿಧಾನ ಸಭೆಗೂ ಆಯ್ಕೆಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಡಿನಲ್ಲಿ ಬೀಡುಬಿಟ್ಟಿದ್ದ ವಿದೇಶಿ ಸೈನಿಕರು ಸ್ತ್ರೀಯರೊಡನೆ ಅನುಚಿತವಾಗಿ ವರ್ತಿಸಿದಾಗ ಅದರ ವಿರುದ್ಧ ದನಿಯೆತ್ತಿದರು.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತು. ಅದರೊಡನೆ ವಿಭಜನೆಯೂ ಬಂದಿತು. ಜತೀಂದ್ರಮೋಹನರ ಹುಟ್ಟೂರಾದ ಚಿತ್ತಗಾಂಗ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಲಕ್ಷಾಂತರ ಜನರು ತಲೆತಲಾಂತರದ ಮನೆಮಠಗಳನ್ನು ತೊರೆದು ಗಡಿ ದಾಟಿದರು. ಆ ಹೊತ್ತಿನಲ್ಲಿ ನೆಲ್ಲಿಯವರು ಗಂಡನ ಪೂರ್ವಜರ ಊರಿನಲ್ಲಿಯೇ ನೆಲೆಸಲು ನಿಶ್ಚಯಿಸಿದರು. ಅಲ್ಲಿ ಉಳಿದ ಅಲ್ಪಸಂಖ್ಯಾತರಿಗೆ ಧೈರ್ಯ ಹೇಳುವವರೊಬ್ಬರು ಬೇಕೆಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರೂ ಕೋರಿದ್ದರು. 1954ರಲ್ಲಿ ಅವರು ಪೂರ್ವ ಪಾಕಿಸ್ತಾನದ ವಿಧಾನ ಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಅಲ್ಪಸಂಖ್ಯಾತರ ಮಂಡಲಿಯ ಸದಸ್ಯರಾಗಿ ದುಡಿದರು. ಆ ಮಣ್ಣಿನಲ್ಲಿ ಹುಟ್ಟಿದವರೇ ಅದನ್ನು ಬಿಟ್ಟು ಹೋಗಬೇಕಾಗಿ ಬಂದ ದುರ್ದಿನಗಳಲ್ಲಿ, ಕಡಲಾಚೆ ಹುಟ್ಟಿದ ಸೊಸೆ ಮನೆಯ ದೀಪವನ್ನು ಕಾಯ್ದುಕೊಂಡು ಉಳಿದದ್ದು ವಿಧಿಯ ವಿಚಿತ್ರವೇ ಸರಿ.

1971ರಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಹೀಗೆ ನೆಲ್ಲಿಯವರು ಒಂದೇ ಊರಿನ ಮೇಲೆ ಮೂರು ಬಾವುಟಗಳು ಹಾರಿದ್ದನ್ನು ಕಂಡರು. 1972ರಲ್ಲಿ ಅವರ ಸೊಂಟದ ಮೂಳೆ ಮುರಿಯಿತು. ಪ್ರಧಾನಿ ಇಂದಿರಾ ಗಾಂಧಿಯವರ ಆಹ್ವಾನದ ಮೇರೆಗೆ ಅವರನ್ನು ಚಿಕಿತ್ಸೆಗಾಗಿ ಕಲ್ಕತ್ತೆಗೆ ಕರೆತರಲಾಯಿತು. ನಗರವು ಅವರನ್ನು ಆದರದಿಂದ ಬರಮಾಡಿಕೊಂಡಿತು. 1973ರಲ್ಲಿ ಭಾರತ ಸರಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಅದೇ ವರ್ಷ ಅಕ್ಟೋಬರ್ 23ರಂದು, ಎಂಬತ್ತೇಳರ ಇಳಿವಯಸ್ಸಿನಲ್ಲಿ, ನವವಧುವಾಗಿ ಬಾಳು ಆರಂಭಿಸಿದ್ದ ಕಲ್ಕತ್ತೆಯಲ್ಲಿಯೇ ಅವರು ಕಣ್ಣು ಮುಚ್ಚಿದರು.

1985ರಲ್ಲಿ ಭಾರತದ ಅಂಚೆ ಇಲಾಖೆ ಈ ದಂಪತಿಗಳ ಸ್ಮರಣೆಗಾಗಿ ಅಂಚೆಚೀಟಿಯೊಂದನ್ನು ಹೊರಡಿಸಿತು. ಪತಿಪತ್ನಿಯರಿಬ್ಬರಿಗೂ ಅದರಲ್ಲಿ ಎಡೆ ದೊರೆತದ್ದು ಉಚಿತವೇ ಆಗಿದೆ. ಒಬ್ಬರಿಲ್ಲದೆ ಇನ್ನೊಬ್ಬರ ಚರಿತ್ರೆ ಪೂರ್ಣವಾಗದು.

ಜತೀಂದ್ರಮೋಹನರು ನೆಲ್ಲಿಯವರನ್ನು ಮನೆಯ ಹೊಸ್ತಿಲಿನವರೆಗೆ ಕರೆತಂದರು. ಅಷ್ಟನ್ನು ಮಾತ್ರ ಒಬ್ಬರು ಇನ್ನೊಬ್ಬರಿಗಾಗಿ ಮಾಡಬಲ್ಲರು. ಒಳಗೆ ಕಾಲಿಟ್ಟ ಮೇಲೆ ಆ ಮನೆಯನ್ನು ತನ್ನದಾಗಿಸಿಕೊಳ್ಳುವ ಕೆಲಸ ಬಂದವರದೇ. ಮನೆಯ ಸುಖವನ್ನು ಹಂಚಿಕೊಂಡವರು ಅತಿಥಿಗಳೆನಿಸಬಹುದು. ಅದರ ಕಷ್ಟವನ್ನು ಹಂಚಿಕೊಂಡವರೇ ಮನೆಯವರೆನಿಸುತ್ತಾರೆ. ನೆಲ್ಲಿಯವರು ಸಾಲದಲ್ಲಿ, ಸೆರೆಯಲ್ಲಿ, ವೈಧವ್ಯದಲ್ಲಿ, ವಿಭಜನೆಯಲ್ಲಿ ಈ ನಾಡಿನ ಕಷ್ಟಕ್ಕೆ ಹೆಗಲು ಕೊಟ್ಟರು. ಆದುದರಿಂದಲೇ ಅವರು ಇಂಗ್ಲೆಂಡಿನಲ್ಲಿ ಹುಟ್ಟಿದವರಾದರೂ ನಮ್ಮವರು.