ಹಂದಿಯ ಜ್ವರವನ್ನು ಶೋಧಿಸಿದ ಷೋಪ್

ರಿಚರ್ಡ್ ಷೋಪ್ ಅವರು 1901ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. 1918ರಲ್ಲಿ ನಮ್ಮ ಮುಂಬಯಿಯನ್ನೂ ತಲ್ಲಣಗೊಳಿಸಿದ ಇನ್‌ಫ್ಲುಯೆಂಜಾ ಅಲ್ಲಿ ಜನರನ್ನಷ್ಟೇ ಅಲ್ಲದೆ ಹಂದಿಗಳನ್ನೂ ಕೆಡವಿತು. ಎರಡೂ ಒಂದೇ ರೋಗವೆಂದ ಪಶುವೈದ್ಯ ಕೋಯೆನ್ನರ ಅಭಿಪ್ರಾಯವನ್ನು ಹಲವರು ಒಪ್ಪಲಿಲ್ಲ.

ಮುಂದೆ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದ ಷೋಪರು, ರೋಗಿ ಹಂದಿಗಳ ಶ್ವಾಸಾಂಗದ ದ್ರವವನ್ನು ಬ್ಯಾಕ್ಟೀರಿಯಾ ನುಸುಳಲಾರದ ಶೋಧಕದಲ್ಲಿ ಸೋಸಿದರು. ಸೋಸಿದ ದ್ರವವೂ ರೋಗ ತಂದಿತು. ಹೀಗೆ 1931ರಲ್ಲಿ ಹಂದಿಯ ವೈರಸ್ ಪ್ರಕಟವಾಯಿತು. ಮನುಷ್ಯರದು ಲಂಡನ್ನಿನಲ್ಲಿ ದೊರೆತದ್ದು 1933ರಲ್ಲಿ.

ನಾವು ಹೆಚ್ಚು ಮೆಚ್ಚುವುದು ಅವರ 1936ರ ಪರೀಕ್ಷೆಯನ್ನು. ವಯಸ್ಕರ ರಕ್ತರಸವು ಹಂದಿಯ ವೈರಸ್ಸನ್ನು ತಡೆಯಿತು, ಹನ್ನೆರಡರೊಳಗಿನ ಮಕ್ಕಳದು (ನಿಮ್ಮಲ್ಲಿ ಹಲವರ ವಯಸ್ಸಿನವರೇ!) ಬಹುಮಟ್ಟಿಗೆ ತಡೆಯಲಿಲ್ಲ. ಆ ಮಕ್ಕಳು 1918ರ ಜ್ವರವನ್ನು ಕಂಡವರಲ್ಲ. ಅದರ ವೈರಸ್ಸೇ ಹಂದಿಗಳಲ್ಲಿ ಉಳಿದುಕೊಂಡಿದೆಯೆಂದು ಷೋಪರು ತರ್ಕಿಸಿದರು.

ವೈರಸ್ಸು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವುದೆಂತು? ಜೀವಕೋಶದ ಮೇಲಿನ ಸಕ್ಕರೆಯ ಕೊಂಡಿಯನ್ನು ಹಿಡಿದು ಅದು ಒಳಹೊಗುತ್ತದೆ. ಹಕ್ಕಿಯ ಕೊಂಡಿ ಬೇರೆ, ಮನುಷ್ಯನದು ಬೇರೆ. ಹಂದಿಯಲ್ಲಿ ಎರಡೂ ಉಂಟು. ವೈರಸ್ಸು ತನ್ನ ಪ್ರತಿಗಳನ್ನು ಮಾಡುವಾಗ ಬಹಳ ತಪ್ಪುತ್ತದೆ. ಹೊಸ ಕೊಂಡಿಗೆ ಹೊಂದುವ ತಪ್ಪು ಉಳಿದು ಬೆಳೆಯುತ್ತದೆ.

ಷೋಪರು 1966ರಲ್ಲಿ ನಿಧನರಾದರು. 2009ರಲ್ಲಿ ಹಂದಿಗಳಿಂದ ಬಂದ ವೈರಸ್ಸು ಲೋಕವನ್ನೇ ಸುತ್ತಿದಾಗ ವೃದ್ಧರಿಗಿಂತ ಎಳೆಯರಿಗೇ ಹೆಚ್ಚು ತಗುಲಿತು. ಹಳೆಯ ಬಂಧು ವೈರಸ್ಸುಗಳ ಪರಿಚಯ ವೃದ್ಧರ ರಕ್ತಕ್ಕಿತ್ತು.