ರಾಮ್ ಪ್ರಸಾದ್ ಬಿಸ್ಮಿಲ್

ರಾಮ್ ಪ್ರಸಾದ್ ಬಿಸ್ಮಿಲ್ (11 ಜೂನ್ 1897 – 19 ಡಿಸೆಂಬರ್ 1927) ಭಾರತದ ಸ್ವಾತಂತ್ರ್ಯ ಹೋರಾಟಗಾರರು ಹಾಗೂ ಹಿಂದಿ ಮತ್ತು ಉರ್ದು ಕವಿ. 1925ರ ಕಾಕೋರಿ ರೈಲು ದರೋಡೆಯ ಮುಂದಾಳುವಾಗಿ ಇವರು ಪ್ರಸಿದ್ಧರು. ‘ಬಿಸ್ಮಿಲ್’ ಎಂಬುದು ಇವರ ಕಾವ್ಯನಾಮ; ಉರ್ದುವಿನಲ್ಲಿ ಅದಕ್ಕೆ ಗಾಯಗೊಂಡವನು ಎಂಬ ಅರ್ಥವಿದೆ.

ಬಾಲ್ಯ ಮತ್ತು ಪ್ರಭಾವ

ಬಿಸ್ಮಿಲ್ ಇಂದಿನ ಉತ್ತರ ಪ್ರದೇಶದ ಶಾಹ್‌ಜಹಾನ್‌ಪುರದಲ್ಲಿ ಜನಿಸಿದರು. ತಂದೆ ಮುರಳೀಧರ, ತಾಯಿ ಮೂಲಮತಿ. ತಾರುಣ್ಯದಲ್ಲಿ ಆರ್ಯಸಮಾಜದ ಪ್ರಭಾವಕ್ಕೆ ಒಳಗಾಗಿ ವ್ಯಾಯಾಮ, ಓದು ಮತ್ತು ಸರಳ ಜೀವನವನ್ನು ರೂಢಿಸಿಕೊಂಡರು. ಲಾಹೋರ್ ಪಿತೂರಿ ಪ್ರಕರಣದಲ್ಲಿ ಭಾಯಿ ಪರಮಾನಂದರಿಗೆ ಮರಣದಂಡನೆ ವಿಧಿಸಿದ ಸುದ್ದಿ ಇವರನ್ನು ಕ್ರಾಂತಿಮಾರ್ಗಕ್ಕೆ ತಿರುಗಿಸಿತು. ತಾಯಿಯಿಂದ ಸಾಲ ಪಡೆದು ಅಮೆರಿಕದ ಸ್ವಾತಂತ್ರ್ಯ ಇತಿಹಾಸವನ್ನು ಕುರಿತ ಹಿಂದಿ ಪುಸ್ತಕವನ್ನು ಪ್ರಕಟಿಸಿದರು; ಸರ್ಕಾರ ಅದನ್ನು ನಿಷೇಧಿಸಿತು.

1918ರ ಮೈನ್‌ಪುರಿ ಪಿತೂರಿ ಪ್ರಕರಣದ ನಂತರ ತಲೆಮರೆಸಿಕೊಂಡಿದ್ದ ಬಿಸ್ಮಿಲ್, 1920ರಲ್ಲಿ ಸಾರ್ವತ್ರಿಕ ಕ್ಷಮಾದಾನ ದೊರೆತ ಮೇಲೆ ಊರಿಗೆ ಮರಳಿದರು. ಚೌರಿ ಚೌರಾ ಘಟನೆಯ ಬಳಿಕ, 1922ರಲ್ಲಿ, ಗಾಂಧೀಜಿಯವರು ಅಸಹಕಾರ ಚಳವಳಿಯನ್ನು ನಿಲ್ಲಿಸಿದಾಗ ಅನೇಕ ಯುವಕರು ನಿರಾಶರಾದರು. ಸಚೀಂದ್ರನಾಥ ಸನ್ಯಾಲ್ ಮೊದಲಾದವರೊಡನೆ ಸೇರಿ ಬಿಸ್ಮಿಲ್ 1924ರಲ್ಲಿ ಹಿಂದೂಸ್ತಾನ್ ರಿಪಬ್ಲಿಕನ್ ಅಸೋಸಿಯೇಷನ್ ಸಂಘಟನೆಯನ್ನು ಕಟ್ಟಿದರು.

ಕಾಕೋರಿ ರೈಲು ದರೋಡೆ

ಸಂಘಟನೆಗೆ ಶಸ್ತ್ರ ಕೊಳ್ಳಲು ಹಣದ ಅಭಾವವಿತ್ತು. ಜನಸಾಮಾನ್ಯರನ್ನು ದೋಚುವುದು ಸಲ್ಲದೆಂದು ಭಾವಿಸಿದ ಬಿಸ್ಮಿಲ್ ಸರ್ಕಾರದ ಹಣದತ್ತ ದೃಷ್ಟಿ ಹರಿಸಿದರು. ಆಗ ಪ್ರತಿ ನಿಲ್ದಾಣದ ವರಮಾನವನ್ನು ಗಾರ್ಡ್ ಡಬ್ಬಿಯ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಲಖನೌಗೆ ಒಯ್ಯಲಾಗುತ್ತಿತ್ತು. 1925ರ ಆಗಸ್ಟ್ 9ರ ಸಂಜೆ ಸಹಾರನ್‌ಪುರ–ಲಖನೌ ಪ್ಯಾಸೆಂಜರ್ ರೈಲು ಕಾಕೋರಿಯ ಬಳಿ ಬಂದಾಗ ಕ್ರಾಂತಿಕಾರಿಗಳು ಸರಪಳಿ ಎಳೆದು ಅದನ್ನು ನಿಲ್ಲಿಸಿದರು. ಅಶ್ಫಾಕುಲ್ಲಾ ಖಾನ್ ಸುತ್ತಿಗೆಯಿಂದ ಪೆಟ್ಟಿಗೆಯನ್ನು ಒಡೆದರು. ದೊರೆತದ್ದು ಸುಮಾರು ನಾಲ್ಕೂವರೆ ಸಾವಿರ ರೂಪಾಯಿ. ಪ್ರಯಾಣಿಕರ ಹಣವನ್ನು ಮುಟ್ಟಲಿಲ್ಲ. ಆದರೆ ತಂಡದ ಸದಸ್ಯರೊಬ್ಬರ ಪಿಸ್ತೂಲಿನಿಂದ ಆಕಸ್ಮಿಕವಾಗಿ ಹಾರಿದ ಗುಂಡಿಗೆ ಪ್ರಯಾಣಿಕರೊಬ್ಬರು ಬಲಿಯಾದರು. ಇದರಿಂದ ದರೋಡೆಯ ಆರೋಪದ ಜೊತೆಗೆ ಕೊಲೆಯ ಆರೋಪವೂ ಸೇರಿತು.

ಬಂಧನ ಮತ್ತು ವಿಚಾರಣೆ

ಸ್ಥಳದಲ್ಲಿ ಬಿಟ್ಟುಹೋಗಿದ್ದ ಹೊದಿಕೆಯ ಮೇಲಿನ ಅಗಸನ ಗುರುತು ಪೊಲೀಸರನ್ನು ಶಾಹ್‌ಜಹಾನ್‌ಪುರಕ್ಕೆ ಕರೆದೊಯ್ದಿತು. ಸೆಪ್ಟೆಂಬರ್‌ನಲ್ಲಿ ಬಿಸ್ಮಿಲ್ ಬಂಧಿತರಾದರು. ಲಖನೌದಲ್ಲಿ ದೀರ್ಘ ವಿಚಾರಣೆ ನಡೆಯಿತು. ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರಾಜೇಂದ್ರನಾಥ ಲಾಹಿರಿ ಮತ್ತು ರೋಶನ್ ಸಿಂಗ್ ಅವರಿಗೆ ಮರಣದಂಡನೆ ವಿಧಿಸಲಾಯಿತು. ಇವರಲ್ಲಿ ರೋಶನ್ ಸಿಂಗ್ ರೈಲು ದರೋಡೆಯಲ್ಲಿ ಪಾಲ್ಗೊಂಡಿರಲಿಲ್ಲ. ದರೋಡೆಯಲ್ಲಿದ್ದ ಚಂದ್ರಶೇಖರ ಆಜಾದ್ ಮಾತ್ರ ಪೊಲೀಸರ ಕೈಗೆ ಸಿಗಲೇ ಇಲ್ಲ.

ಕೊನೆಯ ದಿನಗಳು

ಗೋರಖ್‌ಪುರದ ಸೆರೆಮನೆಯಲ್ಲಿ ಬಿಸ್ಮಿಲ್ ಆತ್ಮಕಥೆಯನ್ನು ಬರೆದು ಮುಗಿಸಿದರು. 1927ರ ಡಿಸೆಂಬರ್ 19ರಂದು ಅಲ್ಲಿಯೇ ಅವರನ್ನು ಗಲ್ಲಿಗೇರಿಸಲಾಯಿತು; ಆಗ ಅವರಿಗೆ ಮೂವತ್ತು ವರ್ಷ. ಅದೇ ದಿನ ಫೈಜಾಬಾದ್‌ನಲ್ಲಿ ಅಶ್ಫಾಕುಲ್ಲಾ ಅವರಿಗೂ ಗಲ್ಲಾಯಿತು. ಆರ್ಯಸಮಾಜಿಯಾದ ಬಿಸ್ಮಿಲ್ ಮತ್ತು ನಿಷ್ಠಾವಂತ ಮುಸಲ್ಮಾನರಾದ ಅಶ್ಫಾಕುಲ್ಲಾ ಒಂದೇ ಊರಿನವರು, ಆಪ್ತ ಗೆಳೆಯರು. ಅವರ ಸ್ನೇಹವನ್ನು ಹಿಂದೂ–ಮುಸ್ಲಿಂ ಐಕ್ಯದ ನಿದರ್ಶನವಾಗಿ ಸ್ಮರಿಸಲಾಗುತ್ತದೆ.

ಪರಂಪರೆ

‘ಸರ್ಫರೋಶಿ ಕೀ ತಮನ್ನಾ’ ಗಜಲ್ ರಾಮ್ ಪ್ರಸಾದರದೆಂದು ಜನಜನಿತವಾಗಿದ್ದರೂ ಅದರ ಕರ್ತೃ ಬಿಸ್ಮಿಲ್ ಅಜೀಮಾಬಾದಿ. ಇಬ್ಬರ ಕಾವ್ಯನಾಮವೂ ಒಂದೇ ಆಗಿರುವುದರಿಂದ ಈ ಗೊಂದಲ ಬೆಳೆದಿದೆ. ಉತ್ತರ ಪ್ರದೇಶ ಸರ್ಕಾರ 2021ರಲ್ಲಿ ಕಾಕೋರಿ ಘಟನೆಗೆ ‘ಕಾಕೋರಿ ಟ್ರೈನ್ ಆಕ್ಷನ್’ ಎಂಬ ಹೆಸರನ್ನು ಬಳಕೆಗೆ ತಂದಿತು.