ಇಂಧನವನ್ನು ಹನಿಹನಿಯಾಗಿ ಅಳೆದವರು: ರಾಬರ್ಟ್ ಬಾಷ್

ಬೆಂಗಳೂರಿನ ಆಡುಗೋಡಿಯ ಕಡೆ ಓಡಾಡಿದವರಿಗೆ ಮೈಕೋ ಎಂಬ ಹೆಸರು ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ ಎಷ್ಟೋ ಕನ್ನಡ ಕುಟುಂಬಗಳಿಗೆ ಅನ್ನ ನೀಡಿತು. ಅದರ ಹೆಸರಿನಲ್ಲಿ ಬಡಾವಣೆಯೇ ಬೆಳೆಯಿತು. ಲಾರಿ ಇಟ್ಟುಕೊಂಡವರ ಮನೆಗಳಲ್ಲಿ ಡೀಸೆಲ್ ಪಂಪೆಂದರೆ ಮೈಕೋ ಎಂದೇ ಅರ್ಥವಿತ್ತು. ಆದರೆ ಆ ಪಂಪಿನ ಹಿಂದಿದ್ದ ಮನುಷ್ಯನ ಬಾಳು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಅವರು ಬದುಕಿ ದುಡಿದ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ವೈದ್ಯನಾಗಿರುವ ನಾನು ಆ ಕಥೆಯನ್ನು, ಮುಖ್ಯವಾಗಿ ಹೊರನಾಡಿಗೆ ಹೊರಡುವ ಯೋಚನೆಯಲ್ಲಿರುವ ತರುಣರಿಗಾಗಿ, ಇಲ್ಲಿ ಹೇಳಬಯಸುತ್ತೇನೆ.

ರಾಬರ್ಟ್ ಬಾಷ್ ಜನಿಸಿದ್ದು 1861ರ ಸೆಪ್ಟೆಂಬರ್ 23ರಂದು, ಉಲ್ಮ್ ನಗರದ ಸಮೀಪದ ಆಲ್‌ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆಗೆ ಹೊಲವಿತ್ತು, ದಾರಿಹೋಕರು ತಂಗುವ ಒಂದು ಛತ್ರವಿತ್ತು. ಮಗ ದೊಡ್ಡ ಪದವಿಯ ದಾರಿ ಹಿಡಿಯಲಿಲ್ಲ. ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಶಿಷ್ಯವೃತ್ತಿಗೆ ಸೇರಿದರು. ಮುಂದೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕೆಲವು ತಿಂಗಳು ಪಾಠ ಕೇಳಿದ್ದುಂಟು, ಪದವಿ ಪಡೆದದ್ದಿಲ್ಲ.

1884ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಅಮೆರಿಕಕ್ಕೆ ಹಡಗು ಹತ್ತಿದರು. ನ್ಯೂಯಾರ್ಕ್‌ನಲ್ಲಿ ಎಡಿಸನ್ ಅವರ ಕಾರ್ಖಾನೆಯಲ್ಲಿ ದುಡಿದರು, ಕಾರ್ಮಿಕರ ಸಂಘಟನೆಯೊಂದರ ಸದಸ್ಯರೂ ಆದರು. ಕಲ್ಪಿಸಿಕೊಂಡಿದ್ದ ಅಮೆರಿಕವೇ ಬೇರೆ, ಕಣ್ಣೆದುರಿನ ಅಮೆರಿಕವೇ ಬೇರೆಯಾಗಿತ್ತು. ಎಲ್ಲರೂ ಸಮಾನರೆಂದು ನಂಬಿ ಹೋದ ನಾಡಿನಲ್ಲಿ ಸಮಾನತೆ ಕಾಣದೆ ಅವರು ನಿರಾಶರಾದರು. ಬಳಿಕ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಹೋದರರ ಕಾರ್ಖಾನೆಯಲ್ಲಿ ಕೆಲಸ ಮಾಡಿ ತಾಯ್ನಾಡಿಗೆ ಮರಳಿದರು. ಹೊರನಾಡಿನಿಂದ ಅವರು ತಂದದ್ದು ಹಣವನ್ನಲ್ಲ. ಕೈಕಸುಬನ್ನು, ಮತ್ತು ಕೂಲಿಯವನಾಗಿ ನಿಂತು ಜಗತ್ತನ್ನು ಕಂಡ ಅನುಭವವನ್ನು.

1886ರ ನವೆಂಬರ್ 15ರಂದು, ತಂದೆಯಿಂದ ಬಂದ ಪಾಲಿನ 10,000 ಮಾರ್ಕುಗಳಿಂದ, ಸ್ಟುಟ್‌ಗಾರ್ಟ್‌ನಲ್ಲಿ ಒಂದು ಪುಟ್ಟ ಕಾರ್ಯಾಗಾರ ತೆರೆದರು. ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ಹುಡುಗ. ಮೊದಲ ವರ್ಷಗಳು ಕಷ್ಟದವು. ಹೆಸರು ತಂದದ್ದು ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊ. ಮೊದಲು ನೆಲಕ್ಕೆ ಬಿಗಿದ ಎಂಜಿನ್‌ಗಳಿಗೆ ಅದನ್ನು ಮಾಡಿಕೊಟ್ಟರು. 1897ರಲ್ಲಿ ಮೂರು ಚಕ್ರದ ಮೋಟಾರು ವಾಹನವೊಂದಕ್ಕೆ ಅಳವಡಿಸಿದರು. 1902ರಲ್ಲಿ ಅವರ ಸಹೋದ್ಯೋಗಿ ಗೊಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಸಿದ್ಧಪಡಿಸಿದಾಗ ಲೋಕದ ಮೋಟಾರು ತಯಾರಕರು ಬಾಷ್ ಬಾಗಿಲಿಗೆ ಬಂದರು. 1906ರಲ್ಲಿ ಅವರು ಕೆಲಸದ ಅವಧಿಯನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿದರು. ಇತರ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಕರೆದರು. ಆದರೂ 1913ರಲ್ಲಿ ಅವರ ಕಾರ್ಖಾನೆಯಲ್ಲೇ ಮುಷ್ಕರ ನಡೆಯಿತು. ಆ ಗಾಯ ಬೇಗ ಮಾಯಲಿಲ್ಲ.

ನಮ್ಮ ಲಾರಿಗಳ ಕಥೆ ಆರಂಭವಾಗುವುದು 1922ರಲ್ಲಿ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಬಲವಾಗಿ ಒತ್ತಿದ ಗಾಳಿ ತಾನೇ ಕಾಯುತ್ತದೆ. ಅದರೊಳಗೆ ಇಂಧನವನ್ನು ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಆದರೆ ಇಂಧನ ಚಿಮ್ಮಿಸಲು ಬಳಸುತ್ತಿದ್ದ ಗಾಳಿಯ ಕಂಪ್ರೆಸರ್ ರಸ್ತೆಯ ವಾಹನಕ್ಕೆ ಹೊರೆಯಾಗಿತ್ತು. ಕಿಡಿಯನ್ನು ಮಾರಿ ಬೆಳೆದ ಮನುಷ್ಯ, ಕಿಡಿಯೇ ಬೇಡದ ಎಂಜಿನ್ನಿಗೆ ಪಂಪು ತಯಾರಿಸಲು ನಿರ್ಧರಿಸಿದರು. ಐದು ವರ್ಷಗಳ ಪ್ರಯೋಗದ ನಂತರ, 1927ರಲ್ಲಿ, ಲಾರಿಗಳಿಗಾಗಿ ಪಂಪುಗಳ ಸರಣಿ ತಯಾರಿಕೆ ಆರಂಭವಾಯಿತು.

ಆರು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪಂಪು ಸೆಕೆಂಡಿಗೆ ನೂರು ಬಾರಿ ಇಂಧನ ಅಳೆದುಕೊಡಬೇಕು. ಪ್ರತಿ ಬಾರಿಯ ಪಾಲು ಬಹಳ ಚಿಕ್ಕದು. ಪಂಪಿನೊಳಗಿನ ಪ್ಲಂಜರ್‌ನಲ್ಲಿ ಓರೆಯಾಗಿ ಕೊರೆದ ಗಾಡಿಯಿರುತ್ತದೆ. ಪ್ಲಂಜರನ್ನು ಸ್ವಲ್ಪ ತಿರುಗಿಸಿದರೆ ಇಂಧನ ಹೆಚ್ಚು, ಇನ್ನೊಂದು ಕಡೆ ತಿರುಗಿಸಿದರೆ ಕಡಿಮೆ. ಪ್ಲಂಜರಿಗೂ ಅದರ ಕವಚಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ಇದು ಉಲ್ಮ್‌ನ ಶಿಷ್ಯವೃತ್ತಿಯಲ್ಲಿ ಕಲಿತ ಸೂಕ್ಷ್ಮತೆಯ ಮುಂದುವರಿಕೆಯೇ ಸರಿ.

ಸೂಪರ್‌ಚಾರ್ಜರ್ ಅಥವಾ ಟರ್ಬೊ ಇರುವ ಲಾರಿಯಲ್ಲಿ ಈ ಅಳತೆ ಇನ್ನೂ ನಾಜೂಕು. ಒಳಕ್ಕೆ ಹೆಚ್ಚು ಗಾಳಿ ನೂಕಿದರೆ ಹೆಚ್ಚು ಇಂಧನ ಉರಿಸಬಹುದು. ಆದರೆ ಚಾಲಕ ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಟರ್ಬೊದ ಗಾಳಿ ಬರುವುದು ಒಂದು ಗಳಿಗೆ ತಡ. ಅಷ್ಟರಲ್ಲಿ ಇಂಧನ ಸುರಿದರೆ ಅದು ಕಪ್ಪು ಹೊಗೆಯಾಗುತ್ತದೆ. ಅತಿಯಾದರೆ ಪಿಸ್ಟನ್ ಸುಡುತ್ತದೆ. ಆದ್ದರಿಂದ ಮುಂದಿನ ತಲೆಮಾರಿನ ಪಂಪುಗಳಿಗೆ ಗಾಳಿಯ ಒತ್ತಡಕ್ಕೆ ಬಾಗುವ ಒಂದು ತೆಳುಪರೆಯನ್ನು ಸೇರಿಸಿದರು: ಗಾಳಿ ಬಂದಷ್ಟೇ ಇಂಧನಕ್ಕೆ ಅನುಮತಿ. ಇಂದು ಅದೇ ನ್ಯಾಯ ಕಂಪ್ಯೂಟರಿನ ಕೋಷ್ಟಕದಲ್ಲಿದೆ. ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಗಾಳಿಯ ಒತ್ತಡ, ಪ್ರತಿ ಮನೆಯಲ್ಲೂ ಇಂಧನದ ಒಂದು ಅಂಕಿ. ಅದನ್ನು ಹದಗೊಳಿಸುವವರು ಒಂದೊಂದು ಮನೆಯನ್ನೂ ಪರೀಕ್ಷಿಸಿ ತಿದ್ದುತ್ತಾರೆ. ರಕ್ತದ ಸಕ್ಕರೆ ನೋಡಿ ಇನ್ಸುಲಿನ್ ನಿಗದಿಪಡಿಸುವ ನನ್ನಂಥವರಿಗೆ ಈ ಶಿಸ್ತು ಅಪರಿಚಿತವಲ್ಲ. ಶಕ್ತಿ ಬರಲೆಂದು ಪಂಪಿನ ಸ್ಕ್ರೂ ತಿರುಗಿಸಿ ಘಟ್ಟದ ದಾರಿಯಲ್ಲಿ ಕರಿಹೊಗೆ ಬಿಡುವ ಲಾರಿಯೂ, ಬೇಗ ಗುಣವಾಗಲೆಂದು ಎರಡು ಗುಳಿಗೆ ನುಂಗುವ ರೋಗಿಯೂ ಒಂದೇ ತಪ್ಪಿನ ಎರಡು ರೂಪಗಳು.

ಮನುಷ್ಯನ ಬಾಳನ್ನು ಹಾಗೆ ಅಳೆಯುವುದು ಸುಲಭವಲ್ಲ. ಮೊದಲ ಮಹಾಯುದ್ಧ ಬಂದಾಗ ಶತ್ರುರಾಷ್ಟ್ರಗಳಲ್ಲಿದ್ದ ಬಾಷ್ ಅವರ ಆಸ್ತಿ ಮುಟ್ಟುಗೋಲಾಯಿತು. ಯುದ್ಧದ ಬೇಡಿಕೆಯಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ ದೊಡ್ಡ ಮೊತ್ತವನ್ನು ನೆಕ್ಕರ್ ನದಿಯ ಕಾಲುವೆಯಂಥ ಸಾರ್ವಜನಿಕ ಕೆಲಸಗಳಿಗೆ ಕೊಟ್ಟರು. 1921ರಲ್ಲಿ ಮಗ ರಾಬರ್ಟ್ ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ತೀರಿಕೊಂಡ. ಆ ಕಾಯಿಲೆಗೆ ಆಗ ಯಾವ ವೈದ್ಯನ ಬಳಿಯೂ ಮದ್ದಿರಲಿಲ್ಲ.

ನಾಜಿಗಳ ಕಾಲದಲ್ಲಿ ಅವರು ಕಿರುಕುಳಕ್ಕೊಳಗಾದ ಯಹೂದಿಗಳಿಗೆ ನೆರವಾದರು. ಹಿಟ್ಲರನ ವಿರೋಧಿ ಕಾರ್ಲ್ ಗೋರ್ಡೆಲರ್ ಅವರಿಗೆ 1937ರಿಂದ ಕಂಪನಿಯ ಸಲಹೆಗಾರನೆಂಬ ಆಸರೆ ಕೊಟ್ಟರು. ಅದೇ ಕಾಲದಲ್ಲಿ ಅದೇ ಕಾರ್ಖಾನೆಗಳು ಸೇನೆಗೆ ಸಾಮಗ್ರಿ ಒದಗಿಸಿದವು, ಅಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಲಾಯಿತು. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡಾಗ, ಅವರು ಒಪ್ಪದ ಆ ಸರ್ಕಾರವೇ ಅವರಿಗೆ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿತು. ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳುವುದು ನ್ಯಾಯವಲ್ಲವೆಂದು ನನ್ನ ಭಾವನೆ.

1940ರಲ್ಲಿ ಅವರು ಸ್ಟುಟ್‌ಗಾರ್ಟ್‌ನಲ್ಲಿ ತೆರೆಸಿದ ಆಸ್ಪತ್ರೆ ಹೋಮಿಯೋಪಥಿಗೆ ಮೀಸಲಾಗಿತ್ತು. ಆ ನಂಬಿಕೆಯನ್ನು ನಾನು ಹಂಚಿಕೊಳ್ಳಲಾರೆ. ಆದರೆ ಆ ಆಸ್ಪತ್ರೆ ಇಂದು ಆಧುನಿಕ ವೈದ್ಯಪದ್ಧತಿಯ ದೊಡ್ಡ ಸಂಸ್ಥೆಯಾಗಿ ಉಳಿದಿದೆ. 1964ರಿಂದ ಕಂಪನಿಯ ಬಹುಪಾಲು ಷೇರುಗಳು ಅವರ ಹೆಸರಿನ ಪ್ರತಿಷ್ಠಾನದಲ್ಲಿವೆ. ಆರೋಗ್ಯ ಮತ್ತು ಶಿಕ್ಷಣದ ಕೆಲಸಗಳಿಗೆ ಅಲ್ಲಿಂದ ಹಣ ಹರಿಯುತ್ತದೆ.

ಜರ್ಮನಿಗೆ ಬರಬೇಕೆನ್ನುವ ತರುಣರು ನನ್ನನ್ನು ಮೊದಲು ಕೇಳುವುದು ಯಾವ ಪದವಿಗೆ ಬೆಲೆಯೆಂದು. ಮಕ್ಕಳು ಐಟಿಐ ಅಥವಾ ಡಿಪ್ಲೊಮಾ ಮಾಡಿದ್ದಾರೆಂದು ಹೇಳಲು ಹಿಂಜರಿಯುವ ಹೆತ್ತವರೂ ಇದ್ದಾರೆ. ಅವರು ಹಿಂಜರಿಯಬೇಕಾಗಿಲ್ಲ. ಈ ನಾಡಿನಲ್ಲಿ ಶಿಷ್ಯವೃತ್ತಿ ಇಂದಿಗೂ ಗೌರವದ ದಾರಿ. ಭಾಷೆಯನ್ನು ಚೆನ್ನಾಗಿ ಕಲಿತು, ಕೈಯಲ್ಲಿ ಒಂದು ಕೆಲಸವನ್ನು ಪೂರ್ಣವಾಗಿ ಹಿಡಿದು ಬಂದವನಿಗೆ ಇಲ್ಲಿ ಬೆಲೆಯಿದೆ. ಆಡುಗೋಡಿಯ ಕಾರ್ಖಾನೆಯನ್ನು ಬಾಷ್ ಕಾಣಲಿಲ್ಲ. ಮೈಕೋ ಕಂಪನಿ ಹುಟ್ಟಿದ್ದೇ ಅವರು ತೀರಿದ ಒಂಬತ್ತು ವರ್ಷಗಳ ನಂತರ. ಆದರೆ ಅಲ್ಲಿ ಪ್ಲಂಜರ್ ಉಜ್ಜಿ, ಅಳೆದು, ಮತ್ತೆ ಉಜ್ಜಿದ ನಮ್ಮ ಕೆಲಸಗಾರರು ಕಲಿತದ್ದು ಉಲ್ಮ್‌ನ ಆ ಹುಡುಗ ಕಲಿತ ವಿದ್ಯೆಯನ್ನೇ.